ಗೊತ್ತಿದ್ದೂ "ಗೊತ್ತಿಲ್ಲ" ಎನ್ನುವುದು: ನಾಲ್ಕನೆಯ ಶೀಲದ ಬಗ್ಗೆ ಇಂದಿನ ಚಿಂತನೆ



ಕಳೆದ ವಾರದ ಓದಿನಲ್ಲಿ ಒಬ್ಬರು ಅಕ್ಕ ಒಂದು ಪ್ರಶ್ನೆ ಕೇಳಿದ್ದರು. "ಸುಳ್ಳು ಹೇಳಲಿಲ್ಲ, 'ಇನ್ನೂ ಸರಿಯಾಗಿ ಗೊತ್ತಿಲ್ಲ' ಅಂತ ಮಾತ್ರ ಹೇಳಿದ್ದು. ಅದೂ ಮುಸಾವಾದ ಆಗ್ತದಾ?" ಅವರು ಕೇಳಿದ್ದು ಯಾವುದೋ ಮನೆಯ ವಿಷಯಕ್ಕೆ. ಎಲ್ಲರೂ ನಕ್ಕು ಚಹಾಕ್ಕೆ ಎದ್ದೆವು. ಆದರೆ ನನಗೆ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನೆನಪಾದದ್ದು ಎಕ್ಸಾನ್ ಎಂಬ ಅಮೆರಿಕದ ಎಣ್ಣೆ ಕಂಪೆನಿ.

1977ರ ಜುಲೈನಲ್ಲಿ ಆ ಕಂಪೆನಿಯ ಹಿರಿಯ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ತಮ್ಮ ಮೇಲಧಿಕಾರಿಗಳ ಮುಂದೆ ಒಂದು ವಿಷಯ ಇಟ್ಟರು. ಕಲ್ಲಿದ್ದಲು, ಪೆಟ್ರೋಲ್ ಸುಟ್ಟಾಗ ಬರುವ ಇಂಗಾಲದ ಡೈ ಆಕ್ಸೈಡ್ ಗಾಳಿಯಲ್ಲಿ ಎರಡು ಪಟ್ಟಾದರೆ ಭೂಮಿಯ ಸರಾಸರಿ ಉಷ್ಣತೆ 2ರಿಂದ 3 ಡಿಗ್ರಿ ಏರಬಹುದು ಎಂದು. ಮರುವರ್ಷ ಬರೆದ ಟಿಪ್ಪಣಿಯಲ್ಲಿ, ಗಟ್ಟಿ ನಿರ್ಧಾರ ತೆಗೆದುಕೊಳ್ಳುವ ಮೊದಲು ಐದರಿಂದ ಹತ್ತು ವರ್ಷದ ಸಮಯ ಉಂಟು ಎಂದೂ ಹೇಳಿದರು.

ಕಂಪೆನಿ ಆಗ ಕಿವಿ ಮುಚ್ಚಿಕೊಳ್ಳಲಿಲ್ಲ, ಅದನ್ನು ಒಪ್ಪಬೇಕು. 1979ರಲ್ಲಿ ಎಸ್ಸೋ ಅಟ್ಲಾಂಟಿಕ್ ಎಂಬ ತಮ್ಮದೇ ದೊಡ್ಡ ಎಣ್ಣೆ ಹಡಗಿಗೆ ಉಪಕರಣ ಕೂರಿಸಿ, ಗಾಳಿಯಲ್ಲಿ ಎಷ್ಟು, ಸಮುದ್ರದ ನೀರಿನಲ್ಲಿ ಎಷ್ಟು ಎಂದು ಅಳೆಸಿದರು. ಕಂಪ್ಯೂಟರ್ ಲೆಕ್ಕಾಚಾರ ಮಾಡಿಸಿದರು. 1982ರ ಒಂದು ಒಳಗಿನ ವರದಿಯ ನಕ್ಷೆಯಲ್ಲಿ 2020ರ ಸುಮಾರಿಗೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸುಮಾರು 415 ಭಾಗ ಈ ಅನಿಲ ಇರುತ್ತದೆ ಎಂದಿತ್ತು. 2020ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆದಾಗ ಸಿಕ್ಕಿದ್ದು ಸುಮಾರು 414! ನಮ್ಮಲ್ಲಿ ನಾಳೆಯ ಮಳೆಯನ್ನೇ ಹೀಗೆ ಹೇಳಲು ಆಗುವುದಿಲ್ಲ. ಆ ವರದಿಯ ಮೇಲೆ, ಇದು ಕಂಪೆನಿಯವರಿಗೆ ಮಾತ್ರ, ಹೊರಗೆ ಹಂಚಬಾರದು ಎಂಬ ಸೂಚನೆಯೂ ಇತ್ತು.

ಮುಂದೆ ಏನಾಯಿತು? 1989ರಲ್ಲಿ ಗ್ಲೋಬಲ್ ಕ್ಲೈಮೇಟ್ ಕೋಯಲಿಷನ್ ಎಂಬ ಉದ್ಯಮಿಗಳ ಕೂಟ ಹುಟ್ಟಿತು, ಎಕ್ಸಾನ್ ಅದರಲ್ಲಿತ್ತು. ಹೊಗೆ ಕಡಿಮೆ ಮಾಡುವ ಕಾನೂನುಗಳನ್ನು ತಡೆಯುವುದೇ ಅದರ ಕೆಲಸ. 1997ರಲ್ಲಿ, ಕ್ಯೋಟೋ ಒಪ್ಪಂದಕ್ಕೆ ಎರಡು ತಿಂಗಳ ಮೊದಲು, ಕಂಪೆನಿಯ ಮುಖ್ಯಸ್ಥ ಲೀ ರೇಮಂಡ್ ಬೀಜಿಂಗ್‌ನ ಸಭೆಯಲ್ಲಿ, ಭೂಮಿ 20 ವರ್ಷದ ಹಿಂದಿಗಿಂತ ಈಗ ತಂಪಾಗಿದೆ, ಈಗ ಕ್ರಮ ಕೈಗೊಂಡರೂ 20 ವರ್ಷ ಬಿಟ್ಟು ಕೈಗೊಂಡರೂ ದೊಡ್ಡ ವ್ಯತ್ಯಾಸ ಆಗಲಿಕ್ಕಿಲ್ಲ ಎಂಬ ಅರ್ಥದಲ್ಲಿ ಮಾತಾಡಿದರು.

2015ರಲ್ಲಿ ಪತ್ರಕರ್ತರು ಹಳೆಯ ಕಡತಗಳನ್ನು ಹೊರಗೆ ತಂದರು. 2017ರಲ್ಲಿ ಜೆಫ್ರಿ ಸುಪ್ರಾನ್ ಮತ್ತು ನವೋಮಿ ಒರೆಸ್ಕೆಸ್ ಎಂಬ ಸಂಶೋಧಕರು ಎಕ್ಸಾನ್ ಮತ್ತು ಅದರೊಂದಿಗೆ ಸೇರಿದ ಮೊಬಿಲ್‌ನ ಕಾಗದಪತ್ರಗಳನ್ನು ಎಣಿಸಿ ನೋಡಿದರು. ಒಳಗಿನ ದಾಖಲೆಗಳಲ್ಲಿ ಶೇ. 80ರಷ್ಟು, ಹವಾಮಾನ ಬದಲಾವಣೆ ನಿಜ, ಮನುಷ್ಯರಿಂದಲೇ ಆಗುತ್ತಿದೆ ಎಂದು ಒಪ್ಪಿದ್ದವು. ದುಡ್ಡು ಕೊಟ್ಟು ಪತ್ರಿಕೆಯಲ್ಲಿ ಹಾಕಿಸಿದ ಬರಹಗಳಲ್ಲಿ ಒಪ್ಪಿದ್ದು ಶೇ. 12 ಮಾತ್ರ, ಶೇ. 81ರಲ್ಲಿ ಇದ್ದದ್ದು ಅನುಮಾನ. 2023ರ ಇನ್ನೊಂದು ಅಧ್ಯಯನದ ಪ್ರಕಾರ, ಆ ಕಂಪೆನಿಯ ವಿಜ್ಞಾನಿಗಳ ಭವಿಷ್ಯದ ಲೆಕ್ಕಗಳಲ್ಲಿ ಶೇ. 63ರಿಂದ 83 ಸರಿಯಾಗಿಯೇ ಬಂದಿವೆ. ಕಂಪೆನಿ ಈ ಆರೋಪ ಒಪ್ಪುವುದಿಲ್ಲ. ನಮ್ಮ ಸಂಶೋಧನೆ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಗಿದೆ, ಏನೂ ಮುಚ್ಚಿಟ್ಟಿಲ್ಲ ಎನ್ನುತ್ತದೆ. ಪ್ರಕಟವಾದದ್ದು ನಿಜ. ಆದರೆ ವಿಜ್ಞಾನ ಪತ್ರಿಕೆ ಓದುವವರು ಎಷ್ಟು ಜನ, ದಿನಪತ್ರಿಕೆ ಓದುವವರು ಎಷ್ಟು ಜನ?

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಅಂಬಲಟ್ಠಿಕಾದಲ್ಲಿ ಭಗವಾನರು ರಾಹುಲನಿಗೆ ಸುಳ್ಳಿನ ಬಗ್ಗೆ ಕಲಿಸಿದ್ದನ್ನು ನಾವು ಓದಿದ್ದೇವೆ. ಕಾಲು ತೊಳೆದ ಪಾತ್ರೆಯಲ್ಲಿ ತುಸು ನೀರು ಉಳಿಸಿ ತೋರಿಸಿದರು, ಅದನ್ನೂ ಚೆಲ್ಲಿದರು, ಪಾತ್ರೆ ಬೋರಲು ಹಾಕಿದರು. ಅಲ್ಲಿ ಬರುವ ಮಾತು "ಸಂಪಜಾನ ಮುಸಾವಾದ", ಅಂದರೆ ತಿಳಿದೂ ತಿಳಿದೂ ಆಡುವ ಸುಳ್ಳು. ನಾಲಿಗೆಯಿಂದ ಯಾವ ಪದ ಬಂತು ಎನ್ನುವುದಕ್ಕಿಂತ ಆಗ ಮನಸ್ಸಿಗೆ ಏನು ಗೊತ್ತಿತ್ತು ಎಂದು ನೋಡಬೇಕು. ನಿಜವಾಗಿ ಗೊತ್ತಿಲ್ಲದವರು "ಗೊತ್ತಿಲ್ಲ" ಅಂದರೆ ಅದು ಪ್ರಾಮಾಣಿಕತೆ. ಅದೇ ಪದವನ್ನು ಕಪಾಟಿನಲ್ಲಿ ವರದಿ ಇಟ್ಟುಕೊಂಡವರು ಹೇಳಿದರೆ?

ಇಲ್ಲಿ ಒಬ್ಬ ಹುಡುಗ, "ಕಾಲಾಮರಿಗೆ ಅನುಮಾನ ಪಡಿ ಅಂತ ಬುದ್ಧರೇ ಹೇಳಿದ್ದಲ್ವಾ?" ಅಂದ. ಒಳ್ಳೆಯ ಮಾತು. ಕಾಲಾಮರು ಅನುಮಾನಪಟ್ಟದ್ದು ತಿಳಿದುಕೊಳ್ಳಲಿಕ್ಕೆ. ಸ್ವತಃ ಪರೀಕ್ಷಿಸಿ, ಕೆಡುಕೆಂದು ಕಂಡದ್ದನ್ನು ಬಿಡಿ ಎಂದೂ ಅವರಿಗೆ ಹೇಳಿದ್ದುಂಟು. ಕಂಪೆನಿ ಪರೀಕ್ಷೆ ಮುಗಿಸಿ ಆಗಿತ್ತು. ಬಿಡಲಿಲ್ಲ ಅಷ್ಟೆ.

ಇದೆಲ್ಲ ದೂರದ ಕಥೆ ಅನ್ನಿಸಬಹುದು. ಈಶ್ವರಮಂಗಲದಿಂದ ಗಡಿ ದಾಟಿದರೆ ಕಾಸರಗೋಡಿನ ಗೇರು ತೋಟಗಳು. ಅಲ್ಲಿ ಪ್ಲಾಂಟೇಷನ್ ಕಾರ್ಪೊರೇಷನ್ 20 ವರ್ಷಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು. ಪಡ್ರೆಯ ಶ್ರೀ ಪಡ್ರೆ, ಅಲ್ಲಿನ ವೈದ್ಯ ಡಾ. ಮೋಹನ ಕುಮಾರ್ ಕಣ್ಣಾರೆ ಕಂಡದ್ದನ್ನು ಹೇಳುತ್ತಾ ಬಂದರೂ, "ಸಾಬೀತಾಗಿಲ್ಲ" ಎಂಬ ಉತ್ತರ ಎಷ್ಟು ವರ್ಷ ಬಂತು! ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಮೇ 13ರಂದು. ಅಷ್ಟರಲ್ಲಿ ಮಕ್ಕಳು ಹಾಸಿಗೆಯಲ್ಲೇ ಬೆಳೆದಿದ್ದರು.

ಮಳೆಯ ವಿಷಯವೂ ಹಾಗೆಯೇ. ಮಳೆ ಬಿಡದಿದ್ದರೆ ಅಡಿಕೆಗೆ ಮದ್ದು ಬಿಡಲು ಆಗುವುದಿಲ್ಲ, ಕೊಳೆರೋಗ ಬರುತ್ತದೆ. ತೋಟದ ಯಜಮಾನರಿಗೆ ಫಸಲು ನಷ್ಟ. ಮರ ಹತ್ತುವ ನಮ್ಮವರಿಗೆ ಆ ದಿನದ ಸಂಬಳವೇ ಇಲ್ಲ. ಬಿಸಿಲು ಜಾಸ್ತಿಯಾದರೆ ಅದು ಮೊದಲು ಸುಡುವುದೂ ತಗಡಿನ ಮಾಡಿನ ಕೆಳಗೆ ಮಲಗುವವರನ್ನೇ. 1982ರ ಆ ಕಾಗದ ಬಚ್ಚಿಟ್ಟದ್ದು ಯಾರಿಂದ ಎಂದು ಕೇಳಿದರೆ, ಆ ಪಟ್ಟಿಯಲ್ಲಿ ನಾವೂ ಇದ್ದೇವೆ.

ಈ ಭಾನುವಾರ ರಾಹುಲೋವಾದ ಸುತ್ತವನ್ನು ಮತ್ತೆ ಪೂರ್ತಿ ಓದುವ. ಕನ್ನಡಿಯ ಹೋಲಿಕೆ ಬರುವ ಭಾಗವನ್ನು ಮನೆಯಲ್ಲೇ ಒಮ್ಮೆ ನೋಡಿಕೊಂಡು ಬನ್ನಿ. ಮದ್ದು ಬಿಡಲು ಹೋಗುವವರು ಸಂಜೆ ಬಂದರೂ ಸಾಕು, ಕಾಯುತ್ತೇವೆ.

ಜೈ ಭೀಮ್.