ಪೌತಿ ಖಾತೆಯಲ್ಲಿ ಸಿಕ್ಕ ಮುತ್ತಜ್ಜಿ

ನಮ್ಮ ಮನೆಯಲ್ಲಿ ಮುತ್ತಜ್ಜಿಗೆ ಹೆಸರಿರಲಿಲ್ಲ. ಮುತ್ತಜ್ಜನ ಹೆಸರು ಎಲ್ಲರಿಗೂ ಗೊತ್ತು, ಅವನ ಅಪ್ಪನ ಹೆಸರೂ ಗೊತ್ತು. ಆಕೆ ಮಾತ್ರ ‘ದೊಡ್ಡಜ್ಜಿ’. ಅಪ್ಪನನ್ನು ಕೇಳಿದೆ, ಅತ್ತೆಯರನ್ನು ಕೇಳಿದೆ, ಊರಿನ ಹಿರಿಯರನ್ನು ಕೇಳಿದೆ. ಕೊನೆಗೆ ಹೆಸರು ಸಿಕ್ಕಿದ್ದು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ, ಗಂಡ ತೀರಿಕೊಂಡ ಮೇಲೆ ಜಮೀನಿನ ಖಾತೆ ಬದಲಾದಾಗ ಬರೆದ ಒಂದು ಸಾಲಿನಲ್ಲಿ: ಮೈನರ್ ಮಕ್ಕಳ ಪರವಾಗಿ ತಾಯಿ ಗಾರ್ಡಿಯನ್, ಪಕ್ಕದಲ್ಲಿ ಆಕೆಯ ಹೆಸರು, ಕೆಳಗೆ ಹೆಬ್ಬೆಟ್ಟಿನ ಗುರುತು. ನೀಲಿ ಮಸಿಯ ಆ ಗುರುತನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ.

ಆ ಹುಡುಕಾಟದಲ್ಲಿ ಒಂದು ವಿಷಯ ಅರ್ಥವಾಯಿತು. ನಮ್ಮ ಕಡೆಯ ಹಳೆಯ ಕಾಗದಗಳು ಮನುಷ್ಯ ಹುಟ್ಟಿದ್ದನ್ನು, ಮದುವೆಯಾದದ್ದನ್ನು ಅಷ್ಟಾಗಿ ಬರೆದಿಡಲಿಲ್ಲ; ಅವನ ನೆಲ ಕೈ ಬದಲಾಯಿಸಿದಾಗ ಬರೆದಿಟ್ಟವು. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಜನಗಣತಿ ಅದಕ್ಕಿಂತ ಬಹಳ ಹಿಂದಿನಿಂದ ನಡೆದಿದ್ದರೂ ನಮಗೆ ಸಿಗುವುದು ಅಂಕಿಸಂಖ್ಯೆಯ ವರದಿ, ಮನೆಮನೆಯ ಹೆಸರಲ್ಲ. ಹಾಗಾಗಿ ಪೂರ್ವಿಕರನ್ನು ಹುಡುಕುವವರು ಮೊದಲು ಹೋಗಬೇಕಾದ್ದು ಅವರು ಉತ್ತ ಹೊಲದ ಕಾಗದಗಳ ಬಳಿಗೆ.

ಕಚೇರಿಗೆ ಮುಂಚೆ ಜಗುಲಿ

ಆದರೂ ಶುರು ಮನೆಯಿಂದಲೇ ಆಗಲಿ. ಹಿರಿಯರನ್ನು ‘ಯಾವ ಇಸವಿ’ ಎಂದು ಕೇಳಬೇಡಿ, ಉತ್ತರ ಬರುವುದಿಲ್ಲ. ‘ಪ್ಲೇಗಿಗೆ ಮೊದಲೋ ಆಮೇಲೋ’, ‘ಗಾಂಧಿ ಸತ್ತಾಗ ನಿಮಗೆ ಮದುವೆಯಾಗಿತ್ತೇ’, ‘ಆಗ ಯಾರ ಶಾನುಭೋಗಿಕೆ’ ಎಂದು ಕೇಳಿ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ, ಇನ್‌ಫ್ಲುಯೆಂಜಾ ಬಂದದ್ದು 1918ರಲ್ಲಿ. ಹಳೇ ಮೈಸೂರಿನವರು ‘ಧಾತು ಈಶ್ವರ ಬರ’ದಲ್ಲಿ ಊರು ಬಿಟ್ಟು ಬಂದೆವು ಎಂದರೆ ಧಾತು, ಈಶ್ವರ ಎಂಬ ಎರಡು ಸಂವತ್ಸರಗಳಲ್ಲಿ ಕಾಡಿದ 1876–78ರ ಕ್ಷಾಮ ಎಂದು ತಿಳಿಯಬೇಕು.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ ಎಂಬುದನ್ನು ಮರೆಯಬೇಡಿ. ರಕ್ತಾಕ್ಷಿ ಎಂದರೆ 1924–25 ಆಗಬಹುದು, 1864–65 ಕೂಡ ಆಗಬಹುದು. ಶಾಲಿವಾಹನ ಶಕವಿದ್ದರೆ 78 ಕೂಡಿಸಿ. ಯುಗಾದಿಗೆ ಮುಂಚಿನ ಜನವರಿ–ಮಾರ್ಚ್ ತಿಂಗಳುಗಳಿಗೆ 79. ಹೈದರಾಬಾದ್ ಸೀಮೆಯ ಕಾಗದದಲ್ಲಿ ಫಸಲಿ ವರ್ಷವಿರುತ್ತದೆ, ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ.

ಮನೆಯಲ್ಲಿ ಶ್ರಾದ್ಧ ಮಾಡುವ ಪದ್ಧತಿಯಿದ್ದರೆ ಪುರೋಹಿತರು ಹೇಳಿಸುವ ಮೂರು ತಲೆಮಾರಿನ ಹೆಸರುಗಳನ್ನು ಬರೆದುಕೊಳ್ಳಿ. ಸತ್ತ ತಿಥಿ ಹೇಗೂ ಗೊತ್ತಿರುತ್ತದೆ. ಸಂವತ್ಸರವೊಂದು ಸಿಕ್ಕಿಬಿಟ್ಟರೆ ಹಳೆಯ ಪಂಚಾಂಗದಿಂದ ತಾರೀಖು ತೆಗೆಯಬಹುದು. ಟ್ರಂಕಿನಲ್ಲಿರುವ ಜಾತಕ, ಕಂದಾಯ ರಸೀದಿ, ಲಗ್ನಪತ್ರಿಕೆ ಎಲ್ಲದರ ಎರಡೂ ಬದಿಯ ಫೋಟೊ ತೆಗೆಯಿರಿ. ಬಹಳ ಸಲ ನಮಗೆ ಬೇಕಾದದ್ದು ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಗೀಚಿರುತ್ತದೆ. ದಯವಿಟ್ಟು ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಹಳೆಯ ಕಾಗದ ಆ ಪ್ಲಾಸ್ಟಿಕ್ಕಿನೊಳಗೇ ಹಾಳಾಗುತ್ತದೆ, ಆಮೇಲೆ ಬಿಡಿಸಲಾಗದು.

ಆಗ ಯಾರ ಆಡಳಿತ?

1956ರ ನವೆಂಬರ್ 1ಕ್ಕೆ ಮುಂಚೆ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದರ ಮೇಲೆ ಕಾಗದದ ಭಾಷೆ, ಲಿಪಿ, ಅದು ಇರುವ ಜಾಗ ಎಲ್ಲವೂ ನಿಂತಿವೆ. ಮೈಸೂರು ಸಂಸ್ಥಾನದ ಹಳ್ಳಿಯಾದರೆ ಕಾಗದ ಬಹುಮಟ್ಟಿಗೆ ಕನ್ನಡದಲ್ಲಿರುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದವು. ಅಲ್ಲಿನ ಹಳೆಯ ದಫ್ತರಗಳಲ್ಲಿ ಮರಾಠಿ, ಮೋಡಿ ಲಿಪಿ ಎದುರಾಗುತ್ತವೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈಗೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಉರ್ದು ಓದಬಲ್ಲವರ ನೆರವು ಬೇಕಾಗುತ್ತದೆ. ಕೊಡಗಿನದು ಬೇರೆಯೇ ಲೆಕ್ಕ. ಅಲ್ಲಿ ವಂಶಪಾರಂಪರ್ಯದ ಜಮ್ಮಾ ಭೂಮಿಯ ದಾಖಲೆ, ಒಕ್ಕದ (ಮನೆತನದ) ಹೆಸರು, ಐನ್‌ಮನೆ (ಮನೆತನದ ಮೂಲಮನೆ) ಈ ಮೂರನ್ನು ಹಿಡಿದರೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಜಿಲ್ಲೆಯಲ್ಲಿ ಸಿಗದ್ದು ಪತ್ರಾಗಾರಗಳಲ್ಲಿ ಸಿಗಬಹುದು: ಬೆಂಗಳೂರಿನ ರಾಜ್ಯ ಪತ್ರಾಗಾರ, ಪುಣೆ ಮತ್ತು ಮುಂಬೈನ ದಫ್ತರಗಳು, ಚೆನ್ನೈನ ಎಗ್ಮೋರ್, ಹೈದರಾಬಾದಿನ ತಾರ್ನಾಕಾ. ಆದರೆ ಮೊದಲ ದಿನವೇ ಅಲ್ಲಿಗೆ ಓಡಬೇಡಿ. ಸರ್ವೆ ನಂಬರ್ ಕೈಯಲ್ಲಿಲ್ಲದೆ ಪತ್ರಾಗಾರಕ್ಕೆ ಹೋಗುವುದು ವಿಳಾಸವಿಲ್ಲದೆ ಪೇಟೆಗೆ ಹೋದಂತೆ.

ಪಹಣಿಯಿಂದ ಹಿಂದಕ್ಕೆ

ಕುಟುಂಬದ ಯಾವುದಾದರೂ ಒಂದು ಹಳೆಯ ಹೊಲದ ಸರ್ವೆ ನಂಬರ್ ತೆಗೆದುಕೊಳ್ಳಿ. ಜಮೀನು ಮಾರಿಹೋಗಿದ್ದರೂ ಚಿಂತೆಯಿಲ್ಲ, ನಂಬರ್ ಇದ್ದರೆ ಸಾಕು. ಈಗಿನ ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರಿದ್ದರೆ 10ನೇ ಕಾಲಂನಲ್ಲಿ ಅದು ಹೇಗೆ ಬಂತೆಂಬ ಗುರುತಿರುತ್ತದೆ. ‘ಎಂಆರ್’ ಎಂದಿದ್ದರೆ ಮ್ಯುಟೇಶನ್ ರಿಜಿಸ್ಟರ್, ‘ಐಎಚ್‌ಸಿ’ ಎಂದಿದ್ದರೆ ವಾರಸುದಾರಿಕೆಯಿಂದ ಬಂದದ್ದು, ಮುಂದೆ ಸಂಖ್ಯೆ ಮತ್ತು ವರ್ಷ. ಆ ಸಂಖ್ಯೆಯೇ ನಿಮಗೆ ಬೇಕಾದ ಬೀಗದ ಕೈ. ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರುವ ಮುಂಚಿನದೆಲ್ಲ ಕೈಬರಹದ ಪಹಣಿ. ತಾಲ್ಲೂಕು ಕಚೇರಿಯಲ್ಲಿ ಸರ್ವೆ ನಂಬರ್ ಮತ್ತು ವರ್ಷಗಳನ್ನು ನಮೂದಿಸಿ ನಕಲು ಅರ್ಜಿ ಕೊಡಿ. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂಸುರಕ್ಷಾ ಕೆಲಸ ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಮುಂದುವರಿದಿದೆ ಎಂದು ಮೊದಲು ವಿಚಾರಿಸಿ; ಮುಗಿದಿದ್ದರೆ ನಿಮ್ಮ ವಾರಗಳು ಉಳಿಯುತ್ತವೆ.

ಮ್ಯುಟೇಶನ್ ಸಂಖ್ಯೆ ಸಿಕ್ಕಿದ ಕೂಡಲೇ ಅದರ ಹಿಂದಿನ ಪೌತಿ ಖಾತೆಯ ಕಡತ ಕೇಳಿ. ಪೌತಿ ಎಂದರೆ ಮರಣ. ಖಾತೆದಾರ ಸತ್ತಾಗ ಯಾವತ್ತು ಸತ್ತ, ಮಕ್ಕಳು ಯಾರು, ಹೆಂಡತಿ ಬದುಕಿದ್ದಾಳೆಯೇ, ಮೈನರ್‌ಗಳು ಎಷ್ಟು ಎಂದೆಲ್ಲ ಶಾನುಭೋಗ ವಿಚಾರಿಸಿ ಬರೆದುಕೊಳ್ಳುತ್ತಿದ್ದ. ಅರ್ಜಿ, ಹೇಳಿಕೆ, ವಂಶವೃಕ್ಷ ಮೂರೂ ಒಂದೇ ದಾರದಲ್ಲಿ ಪೋಣಿಸಿದ್ದರೆ ನಿಮ್ಮ ಅದೃಷ್ಟ. ಉತ್ತರ ಕರ್ನಾಟಕದವರು ಇದನ್ನೇ ‘ವಾರಸಾ’ ಎಂದು ಕೇಳಬೇಕು. ಒಂದು ಪೌತಿ ಇನ್ನೊಂದು ಪೌತಿಗೆ ದಾರಿ ತೋರಿಸುತ್ತದೆ: ಅಜ್ಜನ ಹೆಸರಿಗೆ ಜಮೀನು ಬಂದದ್ದು ಅವನ ಅಪ್ಪ ಸತ್ತಾಗ. ಹೀಗೆ ಹಿಂದೆ ಹಿಂದೆ ಹೋಗಿ. ಜೊತೆಗೆ ಸರ್ವೆ ಕಚೇರಿಯಲ್ಲಿ ಹಿಸ್ಸಾ ಟಿಪ್ಪಣಿ ನೋಡಿ. ಒಂದೇ ನಂಬರ್ 1, 2, 3 ಎಂದು ಸೀಳಿದ ವರ್ಷವೇ ಅಣ್ಣತಮ್ಮಂದಿರು ಬೇರೆಯಾದ ವರ್ಷ ಆಗಿರುವ ಸಂಭವ ಹೆಚ್ಚು.

ನೆಲವಿಲ್ಲದವರು ಏನು ಮಾಡಬೇಕು? ಈ ಪ್ರಶ್ನೆಯನ್ನು ದಾಟಿ ಹೋಗಬಾರದು. ಗೇಣಿಗೆ ಉತ್ತವರು 1974ರ ಭೂಸುಧಾರಣೆ ತಿದ್ದುಪಡಿಯ ನಂತರ 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು. ಭೂನ್ಯಾಯ ಮಂಡಳಿಯ ಮುಂದೆ ಅವರು ಕೊಟ್ಟ ಹೇಳಿಕೆಯಲ್ಲಿ ಅಪ್ಪ ಯಾವ ಕಾಲದಿಂದ ಉಳುತ್ತಿದ್ದ, ಅಜ್ಜ ಯಾರ ಒಕ್ಕಲು ಎಂಬ ವಿವರ ಇರಬಹುದು. ಎಷ್ಟೋ ಮನೆಗಳಲ್ಲಿ ಹಿರಿಯರ ಮಾತು ಕಾಗದಕ್ಕೆ ಇಳಿದದ್ದು ಆ ಒಂದೇ ಸಲ. ತೋಟಿ, ತಳವಾರ, ನೀರಗಂಟಿಯಂಥ ಊರ ಚಾಕರಿಯ ಮನೆತನಗಳಿಗೆ ಇನಾಮು ಜಮೀನು ಇರುತ್ತಿತ್ತು. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆಯ ಬಳಿಕ ಅದನ್ನು ಮರಳಿ ಮಂಜೂರು ಮಾಡಿದ ಕಡತಗಳಲ್ಲಿ ಆ ಮನೆಗಳ ಹೆಸರುಗಳಿವೆ. ಸರ್ಕಾರದಿಂದ ಪಡೆದ ದರಖಾಸ್ತು ಜಮೀನಿದ್ದರೆ ಅದರ ಮಂಜೂರಾತಿ ಕಡತವನ್ನೂ ಕೇಳಿ.

ಪತ್ರ ಓದುವ ಬಗೆ

ಇನ್ನು ಉಪನೋಂದಣಾಧಿಕಾರಿ ಕಚೇರಿ. ಈಗ ಜಾರಿಯಲ್ಲಿರುವುದು 1908ರ ನೋಂದಣಿ ಕಾಯ್ದೆ. ಸ್ಥಿರಾಸ್ತಿಯ ಪತ್ರಗಳೆಲ್ಲ 1ನೇ ಪುಸ್ತಕದಲ್ಲಿ ನಕಲಾಗುತ್ತವೆ. ಅದರ ಸೂಚಿಗಳು ಎರಡು, ಒಂದು ವ್ಯಕ್ತಿಯ ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಇವನ್ನು ಹುಡುಕಬಹುದು. ಉಯಿಲುಗಳಿರುವುದು 3ನೇ ಪುಸ್ತಕದಲ್ಲಿ. ಬರೆದವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ನಕಲು ಕೊಡಬೇಕೆಂದು ಕಾಯ್ದೆಯ 57ನೇ ಕಲಂ ಹೇಳುತ್ತದೆ. ಅದನ್ನು ಅರ್ಜಿಯಲ್ಲೇ ಬರೆದುಬಿಡಿ.

ಕ್ರಯಪತ್ರ ಸಿಕ್ಕಿತು ಎಂದು ಬೆಲೆ, ತಾರೀಖು ನೋಡಿ ಮಡಚಿಡಬೇಡಿ. ಬರೆಸಿಕೊಟ್ಟವನ ತಂದೆಯ ಹೆಸರು, ಊರು, ವಯಸ್ಸು, ಕಸುಬು ಮೊದಲ ಸಾಲುಗಳಲ್ಲೇ ಇರುತ್ತವೆ. ನಂತರ ಮಾರುವುದಕ್ಕೆ ಕೊಟ್ಟ ಕಾರಣ: ಮಗಳ ಮದುವೆ, ತಂದೆಯ ಉತ್ತರಕ್ರಿಯೆ, ಭೋಗ್ಯದ ಸಾಲ. ಆ ಒಂದು ಸಾಲಿನಲ್ಲಿ ಒಂದು ಮನೆಯ ಕಷ್ಟವೆಲ್ಲ ಇರುತ್ತದೆ. ಚಕ್ಕುಬಂದಿಯನ್ನು ನಿಧಾನವಾಗಿ ಓದಿ, ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಜಮೀನು ಬಹಳ ಸಲ ದಾಯಾದಿಯದೇ ಆಗಿರುತ್ತದೆ. ಸಾಕ್ಷಿಗಳಲ್ಲಿ ದೂರದ ಊರಿನವರಿದ್ದರೆ ಕಿವಿ ನಿಮಿರಲಿ, ಅವರು ಬೀಗರಿರಬಹುದು. ಕಡೆಯಲ್ಲಿ ‘ಬಿಕ್ಕಲಂ’ ಎಂದು ಪತ್ರ ಬರೆದವನ ಹೆಸರು. ಕ್ರಯಪತ್ರಕ್ಕಿಂತ ಹೆಚ್ಚು ಮಾತಾಡುವುದು ಪಾಲುಪಾರಿಖತ್ತು; ಯಾರಿಗೆ ಯಾವ ಹೊಲ, ಯಾವ ಎತ್ತು, ಯಾವ ಕೊಳಗ, ತಾಯಿಗೆ ವರ್ಷಕ್ಕೆ ಎಷ್ಟು ರಾಗಿ ಎಂಬಷ್ಟು ವಿವರ ಅದರಲ್ಲಿರುವುದುಂಟು. ಪಾಲಿನ ಜಗಳ ಕೋರ್ಟಿಗೆ ಹೋಗಿದ್ದರೆ ದಾವೆಯ ಜೊತೆ ವಂಶಾವಳಿಯನ್ನೇ ಲಗತ್ತಿಸಿರುತ್ತಾರೆ.

ಉಳಿದ ದಾಖಲೆಗಳನ್ನು ಬೇಗ ಹೇಳಿಬಿಡುತ್ತೇನೆ. ಊರ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ಕಸುಬು ಸಿಗುತ್ತವೆ, ಹುಟ್ಟಿದ ತಾರೀಖನ್ನು ಮಾತ್ರ ನಂಬಬೇಡಿ. ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದೇ ಹೆಚ್ಚು. ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ಜ್ಞಾನಸ್ನಾನ, ಮದುವೆ, ಸಮಾಧಿಯ ಪುಸ್ತಕಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕಾಗದಗಳು ಬಲ್ಮಠದ ದೈವಜ್ಞಾನ ಕಾಲೇಜಿನಲ್ಲೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಇವೆ. ಮುಸ್ಲಿಂ ಕುಟುಂಬದವರು ಖಾಜಿಗಳ ನಿಕಾಹ್ ದಫ್ತರದಿಂದ ಶುರುಮಾಡಲಿ. ಹಿರಿಯರು ಗಯಾ, ಕಾಶಿ, ತ್ರ್ಯಂಬಕೇಶ್ವರಕ್ಕೆ ಹೋಗಿದ್ದರೆ ಅಲ್ಲಿನ ಪಂಡಾಗಳ, ತೀರ್ಥಪುರೋಹಿತರ ವಹಿಗಳಲ್ಲಿ ಅವರ ಹೆಸರಿರಬಹುದು. ಹುಡುಕಿಸುವುದಕ್ಕೆ ಮೂಲ ಊರಿನ ಹೆಸರು ಬೇಕು.

ಹೆಣ್ಣಿನ ಜಾಡು

ಕಾಗದದಲ್ಲಿ ಹೆಣ್ಣು ಕಾಣಿಸುವುದು ಗಂಡ ಸತ್ತಾಗ, ಜೀವನಾಂಶ ಕೇಳಿದಾಗ, ತವರಿನಿಂದ ದಾನಪತ್ರ ಬಂದಾಗ. ಆದ್ದರಿಂದ ಆಕೆಯನ್ನು ಗಂಡನ ಊರಿನಲ್ಲಿ ಮಾತ್ರ ಹುಡುಕಬೇಡಿ, ತವರಿನ ಸೂಚಿಯಲ್ಲೂ ನೋಡಿ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ತಂದಿತು. ಅಲ್ಲಿಂದೀಚಿನ ಪತ್ರಗಳಲ್ಲಿ ವಿಧವೆಯರ, ಹೆಣ್ಣುಮಕ್ಕಳ ಹೆಸರನ್ನು ಇನ್ನೂ ಗಮನವಿಟ್ಟು ಹುಡುಕಿ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಎಳೆ ಹಿಡಿಯಬೇಕಾದ್ದು ತಾಯಿ, ತಾಯಿಯ ತಾಯಿ ಎಂದು. ಕುಟುಂಬದ ವಿಭಾಗ ಪತ್ರದಲ್ಲಿ ಕವರು ಕವರಾಗಿ, ಅಂದರೆ ಕವಲು ಕವಲಾಗಿ, ಎಲ್ಲ ಹೆಂಗಸರ ಹೆಸರೂ ಇರುತ್ತದೆ. ಮುತ್ತಜ್ಜಿಯ ಹೆಸರು ಸಿಕ್ಕ ಮೇಲೆ ನನಗೆ ಹೊಳೆಯಿತು, ಅದು ನಮ್ಮ ಮನೆಯಲ್ಲೇ ಇತ್ತು: ನನ್ನ ಹಿರಿಯ ಅತ್ತೆಗೆ ಇಟ್ಟ ಹೆಸರು ಅದೇ. ಯಾಕೆ ಇಟ್ಟರೆಂದು ಯಾರೂ ಕೇಳಿರಲಿಲ್ಲ.

ಹೀಗೆ ಹೆಸರು ಮರಳಿ ಬರುವುದರಿಂದ ಅಪಾಯವೂ ಇದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ, ಅದರ ಜೊತೆ ಅಪ್ಪನ ಹೆಸರೂ ಒಂದು ತಲೆಮಾರು ಬಿಟ್ಟು ಮರಳುತ್ತದೆ. 1890ರ ಪತ್ರದಲ್ಲಿರುವವನೂ 1945ರ ಪತ್ರದಲ್ಲಿರುವವನೂ ಒಂದೇ ಹೆಸರಿನ, ಒಂದೇ ಅಪ್ಪನ ಹೆಸರಿನ ಇಬ್ಬರು ಬೇರೆ ಮನುಷ್ಯರಿರಬಹುದು. ನಾನೂ ಆರು ತಿಂಗಳು ದಾಯಾದಿ ಮನೆಯ ಇನ್ನೊಬ್ಬನ ಹಿಂದೆ ಸುತ್ತಿದ್ದೇನೆ. ತಂದೆಯ ಹೆಸರು, ಸರ್ವೆ ನಂಬರ್, ಚಕ್ಕುಬಂದಿಯ ನೆರೆಯವರು ಮೂರೂ ಹೊಂದುವವರೆಗೆ ವಂಶವೃಕ್ಷದಲ್ಲಿ ಆ ಹೆಸರನ್ನು ಪೆನ್ಸಿಲಿನಲ್ಲೇ ಬರೆಯಿರಿ. ‘ವಯಸ್ಸು ಸುಮಾರು 40’ ಎಂಬುದನ್ನು ಐದಾರು ವರ್ಷ ಆಚೀಚೆ ಹಿಡಿಯಿರಿ.

ಹೆಳವರು ಬಂದಾಗ

ಕೊನೆಗೆ ನನಗೆ ಬಹಳ ಪ್ರೀತಿಯ ದಾಖಲೆ. ಕರ್ನಾಟಕದ ಅನೇಕ ಒಕ್ಕಲು ಮನೆತನಗಳಿಗೆ ವಂಶಾವಳಿ ಹೇಳುವ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಗಂಟೆ ಬಾರಿಸುತ್ತಾ ಬರುತ್ತಿದ್ದರು. ಈಗ ಮೋಟಾರಿನಲ್ಲೂ ಬರುತ್ತಾರೆ. ಯಾವ ಊರು ಯಾವ ಹೆಳವರ ಮನೆಗೆ ಸೇರಿದ್ದೆಂದು ಅವರಲ್ಲೇ ಹಂಚಿಕೆಯಿದೆ. ಮೂಲ ಊರು, ಬೆಡಗು (ಕುಲದ ಹೆಸರು), ಊರು ಬಿಟ್ಟ ಕಾರಣ, ಕವಲುಗಳು ಎಲ್ಲವನ್ನೂ ಹೊತ್ತಗೆ ಬಿಚ್ಚಿ ಹಾಡಿನ ಧಾಟಿಯಲ್ಲಿ ಹೇಳುತ್ತಾರೆ. ಕೆಲವರ ಬಳಿ ತಾಮ್ರಪಟಗಳೂ ಇವೆ. ಕಚೇರಿಯ ಕಾಗದದ ಜಾಡು ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗಿ ನಿಂತ ಮೇಲೂ ಇವರ ಹೊತ್ತಗೆ ಹಿಂದಕ್ಕೆ ಹೋಗುವುದುಂಟು. ಹಳೆಯ ತಲೆಮಾರುಗಳಲ್ಲಿ ಹೊಗಳಿಕೆ ಬೆರೆತಿರಬಹುದು, ಅದನ್ನು ಬೇರೆಯಾಗಿ ಇಡಿ. ಹತ್ತಿರದ ನಾಲ್ಕೈದು ತಲೆಮಾರನ್ನು ನಿಮ್ಮ ಪೌತಿ ಕಡತದ ಜೊತೆ ಹೊಂದಿಸಿ ನೋಡಿ.

ನಿಮ್ಮ ಮನೆಯ ಹೆಳವರು ಯಾರೆಂದು ಮೂಲ ಊರಿನ ಹಿರಿಯರನ್ನು ಕೇಳಿ, ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಅವರು ಬಂದ ದಿನ ಒಪ್ಪಿಗೆ ಪಡೆದು ಇಡೀ ನಿರೂಪಣೆಯನ್ನು ರೆಕಾರ್ಡ್ ಮಾಡಿ, ಕಾಳು, ಬಟ್ಟೆ, ಹಣ ಕೈತುಂಬ ಕೊಡಿ. ಹೊಸ ಹೆಸರುಗಳನ್ನು ಸೇರಿಸಲು ಅವರು ಪೆನ್ನು ತೆಗೆದಾಗ ಮನೆಗೆ ಬಂದ ಸೊಸೆಯ ಹೆಸರು, ಅವಳ ತವರೂರು, ಮನೆಯಿಂದ ಹೋದ ಹೆಣ್ಣುಮಕ್ಕಳ ಹೆಸರು, ಅವರನ್ನು ಕೊಟ್ಟ ಊರು ಎಲ್ಲವನ್ನೂ ಬರೆಸಿ.