ಆರು ತಿಂಗಳು ಕ್ಲಾಸು, ಆರು ತಿಂಗಳು ಆಫೀಸು

ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಎಂಎಸ್ ಮಾಡಲು ಹೊರಟ ನಮ್ಮ ಮಕ್ಕಳನ್ನು ‘ಅಲ್ಲಿಗೇ ಯಾಕೆ?’ ಅಂತ ಕೇಳಿ. ‘ಕೋ-ಆಪ್ ಇದೆಯಲ್ಲ’ ಅನ್ನುತ್ತಾರೆ. ಓದಿನ ನಡುವೆಯೇ ಕೆಲವು ತಿಂಗಳು, ಸಾಮಾನ್ಯವಾಗಿ ಆರು, ಸಂಬಳಕ್ಕೆ ಪೂರ್ತಿ ದಿನ ದುಡಿಯುವ ವ್ಯವಸ್ಥೆ ಅದು. 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಶುರುಮಾಡಿದ ಪದ್ಧತಿ 1909ರಲ್ಲಿ ನಾರ್ತ್‌ಈಸ್ಟರ್ನ್‌ಗೆ ಬಂತು. ಅಲ್ಲೇ ಓದಿದವನಾಗಿ ಮೊದಲೇ ಹೇಳಿಬಿಡುತ್ತೇನೆ: ಕೆಲಸವನ್ನು ಯಾರೂ ಕೈಗಿಡುವುದಿಲ್ಲ, ನೀವೇ ಹುಡುಕಿಕೊಳ್ಳಬೇಕು.

1. ಜನವರಿಯ ಕೆಲಸಕ್ಕೆ ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಲು ಕೂರಿ. ಪರೀಕ್ಷೆ ಮುಗಿಯಲಿ ಅಂತ ಕಾದರೆ ಸರದಿ ಜುಲೈಗೆ ಹೋಗುತ್ತದೆ.

2. ರೆಸ್ಯೂಮೆಯಲ್ಲಿ ಗೊತ್ತಿರುವುದನ್ನಷ್ಟೇ ಬರೆಯಿರಿ. ನಾನು ಹದಿನೈದು ಸಾಫ್ಟ್‌ವೇರುಗಳ ಹೆಸರು ತುಂಬಿಸಿಕೊಂಡು ಹೋಗಿದ್ದೆ. ಕೋ-ಆಪ್ ಸಲಹೆಗಾರ್ತಿ ಪೆನ್ನು ತೆಗೆದು, ‘ಇವುಗಳಲ್ಲಿ ಯಾವುದರ ಬಗ್ಗೆ ಹತ್ತು ನಿಮಿಷ ಮಾತಾಡಬಲ್ಲಿರಿ?’ ಅಂದರು. ಒಂದೊಂದಾಗಿ ಗೀಟು ಬೀಳುತ್ತಾ ಕೊನೆಗೆ ಮೂರು ಉಳಿದವು. ಸಂದರ್ಶನದಲ್ಲಿ ಆ ಮೂರರ ಮೇಲೆಯೇ ಪ್ರಶ್ನೆ ಬಂತು. ಉತ್ತರ ನನ್ನ ಹತ್ತಿರ ಇತ್ತು.

3. ವೀಸಾ ನಿಯಮ ನಿಮಗೇ ಬಾಯಿಪಾಠವಾಗಿರಲಿ, ಸ್ನೇಹಿತರ ಮಾತು ನಂಬಬೇಡಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಕೋ-ಆಪ್‌ಗೆ ಸಿಪಿಟಿ ಎಂಬ, ಓದಿನ ಭಾಗವಾಗಿ ದುಡಿಯುವ ಅನುಮತಿ ಪಡೆಯಬೇಕು. ಅದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ನಮೂದಾಗುವ ತನಕ ಒಂದು ದಿನವೂ ಕೆಲಸಕ್ಕೆ ಕಾಲಿಡಬೇಡಿ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಪದವಿ ಮಟ್ಟಕ್ಕೆ ಸಿಗುವ ಓಪಿಟಿ ಎಂಬ ಕೆಲಸದ ಅನುಮತಿ ಕೈತಪ್ಪುತ್ತದೆ. ಅಂದರೆ ಓದು ಮುಗಿದ ಮೇಲೆ ಅಲ್ಲಿ ದುಡಿದು ಸಾಲ ತೀರಿಸುವ ದಾರಿಯೇ ಮುಚ್ಚಿದಂತೆ. ಅಪ್ಪ ಮನೆಪತ್ರ ಒತ್ತೆಯಿಟ್ಟು ಕಳಿಸಿರುವಾಗ ತಿಂಗಳುಗಳನ್ನು ಬೆರಳೆಣಿಸಿಯೇ ಲೆಕ್ಕ ಹಾಕಿ.

4. ಬಾಸ್ಟನ್‌ನಲ್ಲಿ ಬಹಳಷ್ಟು ಬಾಡಿಗೆ ಕರಾರು ಸೆಪ್ಟೆಂಬರ್ 1ಕ್ಕೆ ಶುರುವಾಗಿ ವರ್ಷವಿಡೀ ಕಟ್ಟಿಹಾಕುತ್ತದೆ. ಬೇರೆ ಊರಲ್ಲಿ ಕೆಲಸ ಸಿಕ್ಕರೆ ಎರಡು ಕಡೆ ಬಾಡಿಗೆ. ರೂಮನ್ನು ಬೇರೆಯವರಿಗೆ ಬಿಟ್ಟುಕೊಡಬಹುದೇ ಅಂತ ಸಹಿ ಹಾಕುವ ಮೊದಲೇ ಕೇಳಿ.

5. ಕೆಲಸಕ್ಕೆ ಸೇರುವ ಹಿಂದಿನ ವಾರ ಅದೇ ಹೊತ್ತಿಗೆ ಎದ್ದು ಆಫೀಸಿನ ಬಾಗಿಲವರೆಗೆ ಹೋಗಿ ಬನ್ನಿ. ಕ್ಯಾಂಪಸ್ಸಿನ ಮುಂದೆ ಗ್ರೀನ್ ಲೈನ್ ರೈಲು, ಹಿಂದೆ ರಗಲ್ಸ್ ನಿಲ್ದಾಣದಲ್ಲಿ ಆರೆಂಜ್ ಲೈನ್. ಕೇಂಬ್ರಿಜ್‌ನ ಕೆಂಡಲ್ ಸ್ಕ್ವೇರಿನ ಕಂಪನಿಗಳಿಗೆ ರೆಡ್ ಲೈನಿಗೆ ಬದಲಾಯಿಸಬೇಕು. ಜನವರಿಯ ಹಿಮದಲ್ಲಿ ಬೂಟು ಹಾಕಿಕೊಂಡು ಹೋಗಿ, ಶೂ ಚೀಲದಲ್ಲಿರಲಿ.

6. ಕೆಲಸ ಕೊಡದಿದ್ದರೆ ಕೇಳಿ. ನನ್ನ ಮೊದಲ ಕಂಪನಿಯಲ್ಲಿ ಎರಡು ವಾರ ಸುಮ್ಮನೆ ಕೂರಿಸಿದ್ದರು. ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚದಲ್ಲಿ ನಾನೂ ಕೂತೆ. ಮೂರನೇ ವಾರ ಪಕ್ಕದ ಮೇಜಿನವರಿಗೆ, ‘ನಿಮಗೆ ಬೇಜಾರು ತರಿಸುವ ಕೆಲಸ ನನಗೆ ಕೊಡಿ’ ಅಂದೆ. ಕಂಪನಿಯ ಯಂತ್ರದ ಹಳೆಯ ಪರೀಕ್ಷಾ ವರದಿಗಳನ್ನು ಹೊಂದಿಸುವ ಕೆಲಸ ಬಂತು. ಇಡೀ ಯಂತ್ರ ಹೇಗೆ ಕೆಡುತ್ತದೆ ಅಂತ ಕಲಿತದ್ದು ಅದರಿಂದಲೇ.

7. ಸ್ನೇಹಿತರನ್ನು ಬಿಡಬೇಡಿ. ನೀವು ಆಫೀಸಿನಲ್ಲಿದ್ದಾಗ ಅವರು ಕ್ಲಾಸಿನಲ್ಲಿ, ಅವರು ಇನ್ನೊಂದು ಊರಲ್ಲಿದ್ದಾಗ ನೀವು ಬಾಸ್ಟನ್‌ನಲ್ಲಿ. ಕೋ-ಆಪ್‌ನ ನಿಜವಾದ ಕಷ್ಟ ಈ ಒಂಟಿತನ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ರೂಮಿನಲ್ಲಿ ಭಾನುವಾರ ರಾತ್ರಿ ಅನ್ನ, ಸಾರು ಒಟ್ಟಿಗೇ ಅಂತ ನಿಯಮವಿತ್ತು. ದೂರದ ಊರಿಗೆ ಹೋದವನೂ ತಟ್ಟೆ ಹಿಡಿದುಕೊಂಡು ವಿಡಿಯೊ ಕರೆಗೆ ಬಂದು ಕೂರುತ್ತಿದ್ದ.