ಪ್ರೋಟೀನಿಗೆ ಅಂಟಿದ ವಿಷ: ಡಯಾಲಿಸಿಸ್‌ನಲ್ಲಿ ಹೊರತೆಗೆಯುವ ಬಗೆ

ಡಯಾಲಿಸಿಸ್ ಸಮರ್ಪಕವಾಗಿ ನಡೆದಿದೆಯೇ ಎಂಬುದನ್ನು ಸಾಮಾನ್ಯವಾಗಿ ಯೂರಿಯಾದ ಲೆಕ್ಕದಿಂದ ನಿರ್ಧರಿಸಲಾಗುತ್ತದೆ. ಪ್ರತಿ ಸರದಿಯಲ್ಲೂ ರಕ್ತದ ಯೂರಿಯಾ ಕನಿಷ್ಠ ಶೇ 65ರಷ್ಟು ಇಳಿಯಬೇಕೆಂಬುದು ರೂಢಿಯ ಮಾನದಂಡ. ಯೂರಿಯಾ ನೀರಿನಲ್ಲಿ ಬಿಡಿಯಾಗಿ ಕರಗಿರುವುದರಿಂದ ರಕ್ತ ಸೋಸುವ ಡಯಲೈಸರಿನ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಮುಂತಾದ ವಿಷವಸ್ತುಗಳು ಹಾಗಲ್ಲ. ಅವುಗಳ ಶೇ 90ಕ್ಕೂ ಹೆಚ್ಚಿನ ಭಾಗ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ, ಯೂರಿಯಾದ ಅಂಕಿ ತೃಪ್ತಿಕರವಾಗಿರುವ ರೋಗಿಯ ದೇಹದಲ್ಲೂ ಅವು ಬಹುಪಾಲು ಉಳಿದುಬಿಡುತ್ತವೆ ಮತ್ತು ಹೃದಯ, ರಕ್ತನಾಳಗಳ ಹಾನಿಯೊಂದಿಗೆ ಅವುಗಳಿಗೆ ನಂಟಿದೆ.

ಇಂಡಾಕ್ಸಿಲ್ ಸಲ್ಫೇಟಿನ ಅಣುತೂಕ ಸುಮಾರು 213 ಡಾಲ್ಟನ್ ಆದರೆ ಆಲ್ಬುಮಿನ್ನಿನದು 66,000ಕ್ಕೂ ಹೆಚ್ಚು. ಪೊರೆಯ ರಂಧ್ರಗಳನ್ನು ಆಲ್ಬುಮಿನ್ ದಾಟುವಷ್ಟು ಹಿಗ್ಗಿಸಿದರೆ ದೇಹಕ್ಕೆ ಬೇಕಾದ ಪ್ರೋಟೀನೇ ನಷ್ಟವಾಗುತ್ತದೆ. ಆದ್ದರಿಂದ ಅಂಟಿಕೊಳ್ಳದೆ ಉಳಿದ ಅಲ್ಪ ಭಾಗ ಮಾತ್ರ ದಾಟಬೇಕು. ಅದು ದಾಟಿದಂತೆಲ್ಲ ಅಂಟಿದ್ದರಲ್ಲಿ ಇನ್ನಷ್ಟು ಬಿಡಿಸಿಕೊಂಡು ಬರುತ್ತದೆ. ಮುಂದಿನ ಕ್ರಮಗಳಲ್ಲಿ ಯಂತ್ರಕ್ಕೆ ಸಂಬಂಧಿಸಿದವು ನಿಂತಿರುವುದು ಈ ತತ್ತ್ವದ ಮೇಲೆಯೇ.

ಮೊದಲ ಹೆಜ್ಜೆ, ಉಳಿದಿರುವ ಮೂತ್ರವನ್ನು ಕಾಪಾಡಿಕೊಳ್ಳುವುದು. ಮೂತ್ರಪಿಂಡದ ನಾಳಿಕೆಗಳ ಜೀವಕೋಶಗಳು ಈ ವಿಷಗಳನ್ನು ರಕ್ತದಿಂದ ಹಿಡಿದು ಮೂತ್ರಕ್ಕೆ ದಬ್ಬುತ್ತವೆ. ಯಾವ ಯಂತ್ರಕ್ಕೂ ಇಲ್ಲದ ಸಾಮರ್ಥ್ಯವಿದು. ಆದ್ದರಿಂದ ದಿನಕ್ಕೆ ಬರುವ ಒಂದೆರಡು ಲೋಟ ಮೂತ್ರವೂ ಅಮೂಲ್ಯ. ಎರಡು ಸರದಿಗಳ ನಡುವಿನ 24 ಗಂಟೆಗಳ ಮೂತ್ರವನ್ನು ಆಗಾಗ ಸಂಗ್ರಹಿಸಿ ಅಳೆಯಬೇಕು, ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು ಮತ್ತು ಡಯಾಲಿಸಿಸ್ ನಡುವೆ ರಕ್ತದೊತ್ತಡ ಕುಸಿಯದಂತೆ ಸರದಿಗಳ ನಡುವಿನ ತೂಕದ ಏರಿಕೆಯನ್ನು ಹತೋಟಿಯಲ್ಲಿಡಬೇಕು.

ಎರಡನೆಯದು ಯಂತ್ರದ ಹೊಂದಾಣಿಕೆ. ಪೊರೆಯ ಆಚೆ ಬದಿಯಲ್ಲಿ ಹರಿಯುವ ಡಯಲೈಸೇಟ್ ದ್ರವದಲ್ಲಿ ವಿಷದ ಸಾಂದ್ರತೆ ಸೊನ್ನೆಯ ಸಮೀಪದಲ್ಲಿದ್ದಷ್ಟೂ ಒಳ್ಳೆಯದು. ಇದಕ್ಕೆ ದೊಡ್ಡ ಮೇಲ್ಮೈಯ ಡಯಲೈಸರ್ ಮತ್ತು ದ್ರವದ ಹೆಚ್ಚಿನ ಹರಿವು ಎರಡೂ ಒಟ್ಟಿಗೆ ಬೇಕು. ಹರಿವನ್ನು ನಿಮಿಷಕ್ಕೆ 500ರಿಂದ 800 ಮಿಲಿಲೀಟರಿಗೆ ಏರಿಸಿದರೆ ಯೂರಿಯಾದಲ್ಲಿ ಸಿಗುವ ಲಾಭ ಅಲ್ಪವೆಂದು ಅನೇಕ ಕಡೆ ಇದನ್ನು ಕಡೆಗಣಿಸಲಾಗುತ್ತದೆ, ಆದರೆ ಪ್ರೋಟೀನಿಗೆ ಅಂಟಿದ ವಿಷಗಳ ಮಟ್ಟಿಗೆ ಆ ತೀರ್ಮಾನ ಸರಿಯಲ್ಲ. ನಾಲ್ಕು ಗಂಟೆಯ ಒಂದು ಸರದಿಗೆ 120 ಲೀಟರಿನ ಬದಲು 192 ಲೀಟರ್ ದ್ರವ ಬೇಕಾಗುವುದರಿಂದ, ನೀರನ್ನು ಶುದ್ಧೀಕರಿಸುವ ಕೇಂದ್ರದ ಆರ್‌ಒ ಘಟಕಕ್ಕೆ ಆ ಶಕ್ತಿ ಇದೆಯೇ ಎಂದು ತಂತ್ರಜ್ಞರು ಮೊದಲೇ ನೋಡಬೇಕು. ಸಮಯವನ್ನಂತೂ ಮೊಟಕುಗೊಳಿಸಲೇಬಾರದು, ಯೂರಿಯಾ ಮೊದಲ ಗಂಟೆಗಳಲ್ಲೇ ಬಹುಪಾಲು ಇಳಿದರೂ ಈ ವಿಷಗಳು ಕೊನೆಯ ನಿಮಿಷದವರೆಗೂ ನಿಧಾನವಾಗಿಯೇ ಹೊರಬರುತ್ತವೆ.

ಮೂರನೆಯದು ಹೀರುವ ಕಾರ್ಟ್ರಿಜ್. ರಾಳದ ಅಥವಾ ಸಕ್ರಿಯ ಇದ್ದಿಲಿನ ಕಣಗಳಿರುವ ಈ ಕೊಳವೆಯನ್ನು ಸಾಮಾನ್ಯವಾಗಿ ಡಯಲೈಸರಿಗಿಂತ ಮುಂಚೆ ಜೋಡಿಸಲಾಗುತ್ತದೆ. ವಿಷ ಕಣಗಳ ಮೇಲ್ಮೈಗೆ ಅಂಟಿ ರಕ್ತದಿಂದ ಬೇರೆಯಾಗುತ್ತದೆ. ಪ್ಲೇಟ್‌ಲೆಟ್ ಇಳಿಯುವ ಸಂಭವ ಮತ್ತು ಖರ್ಚು, ಎರಡನ್ನೂ ತೂಗಿನೋಡಿಯೇ ತಜ್ಞರು ಇದನ್ನು ಸೂಚಿಸಬೇಕು. ಆಲ್ಬುಮಿನ್ನಿನಲ್ಲಿ ವಿಷ ಅಂಟುವ ಜಾಗಕ್ಕೇ ಪೈಪೋಟಿ ಮಾಡುವ ಐಬುಪ್ರೊಫೆನ್ ಔಷಧಿಯನ್ನು ಡಯಾಲಿಸಿಸ್ ನಳಿಕೆಗೆ ಹರಿಸಿ ವಿಷವನ್ನು ಬಿಡಿಸುವ ಸಂಶೋಧನೆಗಳೂ ನಡೆದಿವೆ. ಆದರೆ ಇದು ಪ್ರಯೋಗದ ಹಂತದ ವಿಧಾನವೇ ಹೊರತು ಮನೆಯಲ್ಲಿ ಆ ಮಾತ್ರೆ ನುಂಗುವುದಕ್ಕೆ ಸಮರ್ಥನೆಯಲ್ಲ, ಏಕೆಂದರೆ ಅದು ಉಳಿದ ಮೂತ್ರಪಿಂಡಕ್ಕೇ ಪೆಟ್ಟು ಕೊಡಬಲ್ಲದು.

ಕೊನೆಯದು ಕರುಳು. ಆಹಾರದ ಟ್ರಿಪ್ಟೊಫಾನ್, ಟೈರೊಸಿನ್ ಎಂಬ ಅಮೈನೊ ಆಮ್ಲಗಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುವುದರಿಂದಲೇ ಈ ವಿಷಗಳ ಮೂಲದ್ರವ್ಯ ಹುಟ್ಟುತ್ತದೆ. ಮಲಬದ್ಧತೆಯಿದ್ದರೆ ಆ ಕೆಲಸಕ್ಕೆ ಹೆಚ್ಚು ಕಾಲಾವಕಾಶ ಸಿಗುತ್ತದೆ. ಹಾಗೆಂದು ಪ್ರೋಟೀನನ್ನೇ ಬಿಡುವುದು ತಪ್ಪು, ಡಯಾಲಿಸಿಸ್ ರೋಗಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೇ ಬೇಕು. ಹೆಚ್ಚಿಸಬೇಕಾದುದು ನಾರಿನಂಶವನ್ನು, ಆದರೆ ಸೊಪ್ಪು ತರಕಾರಿಗಳಲ್ಲಿ ಪೊಟ್ಯಾಸಿಯಂ ಇರುವುದರಿಂದ ಅವನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಬಸಿದು ಬಳಸಬೇಕು. ಬಸಿದ ನೀರಿನಲ್ಲಿ ಪೊಟ್ಯಾಸಿಯಂ ಸೇರಿಕೊಂಡಿರುತ್ತದೆ, ಆದ್ದರಿಂದ ಆ ಕಟ್ಟಿನಿಂದ ಮಾಡುವ ಬಸ್ಸಾರು ಮನೆಯ ಉಳಿದವರಿಗಿರಲಿ, ರೋಗಿಯ ತಟ್ಟೆಗೆ ಪಲ್ಯವಷ್ಟೇ ಸಾಕು.